ಹಬ್ಬವೂ ಬಿಟ್ಟಿಯೂ

2021ರ ಡಿಸೆಂಬರ್ 2. ದುಬೈನ ಸೋನಾಪುರದ ಒಂದು ಲೇಬರ್ ಕ್ಯಾಂಪಿನಿಂದ ಬೆಳಿಗ್ಗೆ ಏಳಕ್ಕೆ ಒಂದು ಬಸ್ಸು ಹೊರಟಿತು. ಬಸ್ಸಿನಲ್ಲಿ 39 ಜನ ಇದ್ದರು. ಇರಬೇಕಾಗಿದ್ದವರು 40. ಆ 40 ಹೆಸರು ಬರೆದವನು ನಾನು. ಬಾರದ ಒಬ್ಬನ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ಗೈರುಹಾಜರಿ ಗುರುತು ಹಾಕಿದವನೂ ನಾನೇ. ಆ ಕೆಂಪು ಗುರುತು ಇವತ್ತಿಗೂ ನನ್ನ ಕಣ್ಣಿಂದ ಹೋಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮರಳವಾಡಿ ಹೋಬಳಿಯವನು. ಊರು ಯಾವುದಾದರೇನು, ನಮ್ಮದು ಊರಾಚೆಯ ಕೇರಿ. ಕೇರಿಯಲ್ಲಿ ಡಿಗ್ರಿ ಮುಟ್ಟಿದವರು ಒಂದಿಬ್ಬರು, ನಮ್ಮ ಮನೆಯಲ್ಲಿ ನಾನೇ ಮೊದಲು. ಅವ್ವ ಇನ್ನೊಬ್ಬರ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ದು, ಇನ್ನೊಬ್ಬರ ಚಂದ್ರಂಕಿಗೆ ಹುಳ ಬಿಟ್ಟು ನನ್ನನ್ನು ಬಿ.ಕಾಂ. ಓದಿಸಿದಳು. ಕೊರೋನಾದಲ್ಲಿ ಬೆಂಗಳೂರಿನ ಕೆಲಸ ಹೋದಾಗ ಅವ್ವನ ಓಲೆ ಮಾರಿ ದುಬೈಗೆ ಹೋದೆ. ಅಲ್ಲಿ ಒಂದು ಕಟ್ಟಡ ಕಂಪನಿಯಲ್ಲಿ ಟೈಮ್‌ಕೀಪರ್ ಕೆಲಸ. ಅಂದರೆ ಯಾರು ಬಂದರು, ಯಾರು ಬರಲಿಲ್ಲ, ಎಷ್ಟು ಗಂಟೆ ದುಡಿದರು ಅಂತ ಬರೆಯುವವನು. ಹತ್ತನೇ ತರಗತಿ ಪಾಸಾಗದವರು ಕೂಲಿಗೆ ಅಂತ ಕೊಲ್ಲಿ ದೇಶಗಳಿಗೆ ಹೋಗಬೇಕಾದರೆ ನಮ್ಮ ಸರ್ಕಾರದ ವಲಸೆ ಅನುಮತಿ ಬೇಕು. ಅವರ ಪಾಸ್‌ಪೋರ್ಟಿನಲ್ಲೇ ಆ ಗುರುತು ಇರುತ್ತದೆ. ನನ್ನ ಪಾಸ್‌ಪೋರ್ಟಿನಲ್ಲಿ ಇರಲಿಲ್ಲ. ಕ್ಯಾಂಪಿನಲ್ಲಿ ನಾನೂ ಅವರ ಜೊತೆಯೇ ಮಲಗುತ್ತಿದ್ದೆ, ಅದೇ ಮೆಸ್ಸಿನ ಅನ್ನ ತಿನ್ನುತ್ತಿದ್ದೆ. ಆದರೆ ಪೆನ್ನು ನನ್ನ ಕೈಲಿತ್ತು. ಓದಿದ ದಲಿತ ಅಂದರೆ ಯಾರು ಅಂತ ನಮ್ಮ ಸಭೆಗಳಲ್ಲಿ ದೊಡ್ಡ ದೊಡ್ಡ ಚರ್ಚೆ ನಡೆಯುತ್ತವಲ್ಲ, ನನಗೆ ಅದರ ಉತ್ತರ ಸಿಕ್ಕಿದ್ದು ಅಲ್ಲಿ.

ಡಿಸೆಂಬರ್ 2 ಅವರ ರಾಷ್ಟ್ರೀಯ ದಿನ. 1971ರಲ್ಲಿ ಆ ದಿನ ಬ್ರಿಟಿಷರ ರಕ್ಷಣೆಯಲ್ಲಿದ್ದ ಆರು ಸಣ್ಣ ಸಣ್ಣ ರಾಜ್ಯಗಳು ಒಂದಾಗಿ ಸಂಯುಕ್ತ ಅರಬ್ ಎಮಿರೇಟ್ಸ್ ಆಯಿತು. ರಾಸ್ ಅಲ್ ಖೈಮಾ 1972ರ ಫೆಬ್ರವರಿಯಲ್ಲಿ ಸೇರಿ ಏಳಾಯಿತು. ನಾನಿದ್ದಾಗ ಐವತ್ತು ವರ್ಷ ತುಂಬಿತ್ತು. ಎಲ್ಲಿ ನೋಡಿದರೂ ಕೆಂಪು, ಹಸಿರು, ಬಿಳಿ, ಕಪ್ಪು. ಕಾರಿನ ಮೇಲೆ, ಕಟ್ಟಡದ ಮೇಲೆ, ಕೇಕಿನ ಮೇಲೆ, ಪುಟ್ಟ ಹುಡುಗಿಯರ ಲಂಗದ ಮೇಲೆ. ಆ ದೇಶದಲ್ಲಿ ಇರುವ ಜನರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹೊರಗಿನವರು. ನಮ್ಮ ದೇಶದವರೇ 35 ಲಕ್ಷಕ್ಕೂ ಹೆಚ್ಚು. ಯೋಚನೆ ಮಾಡಿ ಗೆಳೆಯರೇ, ಒಂದು ಮನೆಯ ಹುಟ್ಟುಹಬ್ಬಕ್ಕೆ ಮನೆಯವರು ಒಬ್ಬರು, ನೆಂಟರು ಒಂಬತ್ತು. ಆ ನೆಂಟರೂ ಎಂಥವರು? ಗೋಡೆ ಕಟ್ಟಿದವರು, ಅಡಿಗೆ ಮಾಡಿದವರು, ಕಸ ಬಳಿದವರು. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಮನೆಗೆ.

ಹಬ್ಬಕ್ಕೆ ಎರಡು ದಿನ ಮುಂಚೆ ಕ್ಯಾಂಪ್ ಬಾಸ್ ನನ್ನ ಕರೆದು ಹೇಳಿದ: ರಾಷ್ಟ್ರೀಯ ದಿನದ ಮೆರವಣಿಗೆಗೆ ನಮ್ಮ ಕಂಪನಿಯಿಂದ 40 ಜನ ಬೇಕು, ನೋಡೋಕೆ ಚೆನ್ನಾಗಿರೋರು, 'ಸ್ವಂತ ಇಚ್ಛೆಯಿಂದ' ಬರೋರು, ಹೆಸರು ಬರಿ. ಆ ದೇಶದ ಕಾನೂನಿನಲ್ಲಿ ಅದು ಸಂಬಳದ ರಜೆ. ಸ್ವಂತ ಇಚ್ಛೆ ಅಂದರೆ ಏನು ಅಂತ ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ನಾನು ಬರೆದೆ. ಗೋರಖಪುರದವರು, ಕರೀಂನಗರದವರು, ನೇಪಾಳದವರು, ಬಾಂಗ್ಲಾದವರು. ರಾಯಚೂರು ಕಡೆಯ ಒಬ್ಬ ಅಣ್ಣನ ಹೆಸರನ್ನೂ ಬರೆದೆ. ಕಂಬಿ ಕಟ್ಟುವ ಕೆಲಸದವನು, ನಲವತ್ತು ದಾಟಿದವನು. ಕನ್ನಡ ಮಾತಾಡೋಕೆ ಜೊತೆಗೊಬ್ಬ ಇರಲಿ ಅಂತ ಬರೆದದ್ದು, ಬೇರೆ ಏನೂ ಇಲ್ಲ. ಬೆಳಿಗ್ಗೆ ಎಬ್ಬಿಸಲು ಹೋದೆ. ಕಂಬಳಿಯಿಂದ ಮುಖ ತೆಗೆಯದೆ ಹೇಳಿದ:

"ಹಬ್ಬ ಅವರ್ದು ತಮ್ಮ. ನಿದ್ದಿ ನಂದು. ನಾ ಬರಂಗಿಲ್ಲ."

ನಾನು ಎರಡು ಸಾರಿ ಕರೆದೆ. ಬಸ್ಸು ಹಾರನ್ ಮಾಡುತ್ತಿತ್ತು. ಪಟ್ಟಿಯಲ್ಲಿ 40 ಹೆಸರಿತ್ತು, ತಲೆ 39 ಇತ್ತು. ಲೆಕ್ಕ ತಾಳೆಯಾಗದಿದ್ದರೆ ನನ್ನ ಕುತ್ತಿಗೆಗೆ ಬರುತ್ತದೆ. ಗುರುತು ಹಾಕಿದೆ. ತಿಂಗಳ ಕೊನೆಗೆ ಅವನ ಸಂಬಳದಲ್ಲಿ ಒಂದು ದಿನದ ಕೂಲಿ, 33 ದಿರ್ಹಾಮ್, ಕಡಿಮೆ ಬಂತು. ರಜೆಯ ದಿನ ಮಲಗಿದ್ದಕ್ಕೆ ಕೂಲಿ ಕಡಿತ. ಕಾನೂನು ಕೇಳಲು ಹೋಗುವ ಧೈರ್ಯ ಯಾರಿಗಿತ್ತು? ಅಲ್ಲಿ ಕಾರ್ಮಿಕ ಸಂಘ ಕಟ್ಟುವ ಹಾಗಿಲ್ಲ, ಮುಷ್ಕರ ಹೂಡುವ ಹಾಗಿಲ್ಲ.

ಇಷ್ಟೇ ಆಗಿದ್ದರೆ ಈ ಕಥೆ ಸುಲಭ. ಬಂಡವಾಳಶಾಹಿ, ಶೇಖ್‌ಶಾಹಿ, ಶೋಷಣೆ ಅಂತ ಬರೆದು ಮುಗಿಸಬಹುದಿತ್ತು. ಸುಲಭ ಅಲ್ಲದ್ದು ಆಮೇಲೆ ನಡೆದದ್ದು.

ಮೆರವಣಿಗೆ ಮುಗಿಯಿತು. ಕೊರಳಿಗೆ ಬಾವುಟದ ಬಣ್ಣದ ಶಾಲು, ತಲೆಗೆ ಟೋಪಿ, ಕೈಗೆ ಪುಟ್ಟ ಬಾವುಟ ಕೊಟ್ಟಿದ್ದರು. ಕಂಪನಿಯ ಬ್ಯಾನರಿನ ಹಿಂದೆ ನಿಲ್ಲಿಸಿ ಫೋಟೋ ತೆಗೆದುಕೊಂಡರು. ಬಿರಿಯಾನಿ ಪೊಟ್ಟಣ, ಜ್ಯೂಸು ಆಯಿತು. ಬಸ್ಸು ಬರುವುದು ತಡ. ಮೈದಾನದ ಒಂದು ಕಡೆ ಅಲ್ಲಿನ ಜನ ಟೆಂಟು ಹಾಕಿ ಕೂತಿದ್ದರು. ಒಬ್ಬ ಮುದುಕ ನಮ್ಮನ್ನು ಕೈ ಬೀಸಿ ಕರೆದ. ನಾವು ಹಿಂದೆ ಮುಂದೆ ನೋಡಿದೆವು. ನಮ್ಮನ್ನೇ ಕರೆದದ್ದು. ಜಮಖಾನದ ಮೇಲೆ ಕೂರಿಸಿದ. ನಾನು ಚಪ್ಪಲಿ ಬಿಟ್ಟು ಅಂಚಿನಲ್ಲಿ ಕೂತೆ, ಅದು ನಮ್ಮ ಮೈಗೆ ಅಂಟಿದ ಅಭ್ಯಾಸ. ಮುದುಕ ಭುಜ ಹಿಡಿದು ಒಳಕ್ಕೆ ಎಳೆದ. ಖರ್ಜೂರದ ತಟ್ಟೆ ಮುಂದೆ ತಳ್ಳಿದ. ಉದ್ದ ಮೂತಿಯ ಹಿತ್ತಾಳೆ ಪಾತ್ರೆಯಿಂದ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಕಾಫಿ ಬಗ್ಗಿಸಿದರು. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿ ವಾಸನೆ. ನಮ್ಮ ನಾಲಿಗೆಗೆ ಕಷಾಯ. ಬಟ್ಟಲುಗಳು ಇದ್ದದ್ದು ನಾಲ್ಕೈದು. ಮುದುಕ ಕುಡಿದ ಬಟ್ಟಲೇ ಸುತ್ತಿ ಬಂದು ಗೋರಖಪುರದವನ ಕೈಗೆ, ಅವನ ಕೈಯಿಂದ ನನ್ನ ಕೈಗೆ.

ಗೆಳೆಯರೇ, ನಮ್ಮ ಕಡೆಯ ಹೋಟೆಲುಗಳಲ್ಲಿ ನಮ್ಮಪ್ಪನಿಗೆ ಬೇರೆ ಲೋಟ ಇತ್ತು. ಕುಡಿದು, ತೊಳೆದು, ಗೋಡೆ ಗೂಡಿನಲ್ಲಿ ಬೋರಲು ಹಾಕಿ ಬರಬೇಕಿತ್ತು. ನನ್ನ ಕಾಲಕ್ಕೆ ಅದು ಪ್ಲಾಸ್ಟಿಕ್ ಲೋಟವಾಯಿತು, ಪೇಪರ್ ಲೋಟವಾಯಿತು. ಎಲ್ಲರಿಗೂ ಪೇಪರ್ ಲೋಟ ಬಂದಾಗ ಅಸ್ಪೃಶ್ಯತೆ ಹೋಯಿತು ಅಂದರು. ಹೋದದ್ದು ಲೋಟ. ನಾನು ಇಪ್ಪತ್ಮೂರು ವರ್ಷಕ್ಕೆ ಮೊದಲ ಸಲ, ಇನ್ನೊಬ್ಬ ದೊಡ್ಡ ಮನುಷ್ಯ ಬಾಯಿಟ್ಟ ಬಟ್ಟಲಲ್ಲಿ ಬಾಯಿಟ್ಟು ಕುಡಿದದ್ದು ಆ ದಿನ, ನನ್ನದಲ್ಲದ ದೇಶದ ಹಬ್ಬದಲ್ಲಿ. ಗಂಟಲು ಕಟ್ಟಿತು. ಇದನ್ನು ಸುಳ್ಳು ಅಂತ ನಾನು ಹೇಳಲಾರೆ. ಆ ಸಂತೋಷ ನಿಜ. ಶಾಲು ಕಂಪನಿಯದು, ಸಂತೋಷ ನನ್ನದು.

ಊರಿಗೆ ಬಂದ ಮೇಲೆ ಇದನ್ನು ನಮ್ಮ ಗೆಳೆಯರ ಮುಂದೆ ಹೇಳಿದೆ. ಒಬ್ಬ ನಕ್ಕ. "ಒಂದು ಕಪ್ಪು ಕಾಫಿಗೆ ಮಾರಿಕೊಂಡೆಯಲ್ಲೋ" ಅಂದ. ಇನ್ನೊಬ್ಬ, "ನಮ್ಮ ಆಗಸ್ಟ್ ಹದಿನೈದಕ್ಕೆ ಹೋಗದೋನು ಅವರ ಬಾವುಟ ಹಿಡಿದು ಕುಣಿದು ಬಂದಿದ್ದೀಯ" ಅಂದ. ಮೂರನೆಯವನು ಮಾತ್ರ ಒಂದು ಒಳ್ಳೆಯ ಪ್ರಶ್ನೆ ಕೇಳಿದ: "ಅಲ್ಲಿ ನಿನ್ನ ಜಾತಿ ಗೊತ್ತಿಲ್ಲ, ಅದಕ್ಕೆ ಕೊಟ್ಟರು. ಗೊತ್ತಿಲ್ಲದೆ ಕೊಟ್ಟದ್ದು ಸಮಾನತೆಯೋ, ಅಥವಾ ಮರೆವೋ?"

ಈ ಪ್ರಶ್ನೆಗೆ ಬಾಬಾಸಾಹೇಬರ ಬದುಕಿನಲ್ಲೇ ಒಂದು ಪಾಠ ಇದೆ. 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು, ಅಲ್ಲಿಂದ ಲಂಡನ್ನಿಗೆ. 1917ರಲ್ಲಿ ಬರೋಡಾ ಮಹಾರಾಜರ ಕೆಲಸಕ್ಕೆ ಅಂತ ವಾಪಸು ಬಂದು ರೈಲಿಳಿದಾಗ ಎದುರಾದ ಪ್ರಶ್ನೆ, ಎಲ್ಲಿ ಉಳಿಯೋದು ಅನ್ನೋದು. ಹೊರದೇಶದಲ್ಲಿದ್ದ ವರ್ಷಗಳು ತಾನು ಅಸ್ಪೃಶ್ಯ ಅನ್ನೋ ಅರಿವನ್ನೇ ಮನಸ್ಸಿನಿಂದ ಒರೆಸಿ ಹಾಕಿದ್ದವು ಅಂತ ಅವರೇ ಆಮೇಲೆ ಬರೆದುಕೊಂಡರು. ಪಾರ್ಸಿ ಛತ್ರವೊಂದರಲ್ಲಿ ಪಾರ್ಸಿ ಹೆಸರು ಹೇಳಿ ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಜನ ಬಂದು ಹೊರಹಾಕಿದರು. ಸಾರ್ವಜನಿಕ ತೋಟದಲ್ಲಿ ಕೂತು ರಾತ್ರಿಯ ರೈಲಿಗೆ ಕಾದರು. ಆ ಮಹಾನುಭಾವನಿಗೇ ಹೊರದೇಶ ಅನ್ನೋದು ಒಂದು ಮರೆವು ಕೊಟ್ಟಿತ್ತು. ಆದರೆ ಆ ಮರೆವನ್ನು ಅವರು ಬರೀ ಮರೆವು ಅಂತ ತಳ್ಳಲಿಲ್ಲ. ಮನುಷ್ಯ ಹೀಗೂ ಇರಬಹುದು ಅಂತ ಮೈಯಿಂದ ತಿಳಿದವನು ಮಾತ್ರ ಬರೋಡಾದಲ್ಲಿ ನಡೆದದ್ದು ಅನ್ಯಾಯ ಅಂತ ಅಷ್ಟು ಆಳವಾಗಿ ತಿಳಿಯಬಲ್ಲ. ನನ್ನ ಗೆಳೆಯನಿಗೆ ನಾನು ಇದನ್ನೇ ಹೇಳಿದೆ. ಮುದುಕನಿಗೆ ನನ್ನ ಜಾತಿ ಗೊತ್ತಿರಲಿಲ್ಲ, ಸರಿ. ನನಗೆ ಗೊತ್ತಿತ್ತಲ್ಲ. ಕುಡಿದವನು ನಾನು.

ಆದರೂ ಒಂದು ಮಾತು ಒಪ್ಪಬೇಕು. ಅದು ನೆಂಟನಿಗೆ ಸಿಗುವ ಸಮಾನತೆ. ನೆಂಟ ನಾಳೆ ಎದ್ದು ಹೋಗುತ್ತಾನೆ, ಅದಕ್ಕೇ ಇವತ್ತು ಎಲೆಯ ತುದಿಗೆ ತುಪ್ಪ. ಅವನು ಜಮೀನಿನಲ್ಲಿ ಪಾಲು ಕೇಳುವುದಿಲ್ಲ. ಕೇಳಿದ ದಿನ ಜಮಖಾನ ಸುತ್ತಿಡುತ್ತಾರೆ. ಆ ದೇಶದಲ್ಲಿ ಇಪ್ಪತ್ತು ಮೂವತ್ತು ವರ್ಷ ದುಡಿದವರನ್ನು ನಾನು ನೋಡಿದ್ದೇನೆ. ಮಕ್ಕಳು ಅಲ್ಲೇ ಹುಟ್ಟಿ ಬೆಳೆದವರು. ನಾಗರಿಕರಲ್ಲ. ಹಬ್ಬಕ್ಕೆ ಮಾತ್ರ ಅವರೇ ಎಲ್ಲರಿಗಿಂತ ದೊಡ್ಡ ಬಾವುಟ ಕಟ್ಟುತ್ತಾರೆ. ಹೆದರಿಕೆಯಿಂದಲೋ, ಪ್ರೀತಿಯಿಂದಲೋ? ಎರಡೂ ಇರಬಹುದು. ನನ್ನ ಊರನ್ನು ನೋಡಿ ಬೆಳೆದ ನನಗೆ ಎರಡೂ ಒಂದೇ ಎದೆಯಲ್ಲಿ ಇರೋದು ಆಶ್ಚರ್ಯ ಅಲ್ಲ.

ಈಗ ನನ್ನ ತಾತನ ಕಥೆ ಹೇಳಬೇಕು.

ತಾತ ಊರಿನ ಕುಳವಾಡಿಕೆ ಮಾಡುತ್ತಿದ್ದ. ತೋಟಿ, ತಳವಾರ, ಇಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯಿದೆ ತೆಗೆದು ಹಾಕಿತ್ತು. ಕಾಗದದಲ್ಲಿ ಹೋಗಿತ್ತು, ತಾತನ ಹೆಗಲಿಂದ ತಮಟೆ ಹೋಗಿರಲಿಲ್ಲ. 1972ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ತುಂಬಿತು. ಹಿಂದಿನ ಸಂಜೆ ಗೌಡರು ಕರೆಸಿ ಸಾರಲು ಹೇಳಿದರು. ತಾತ ತಮಟೆ ಕಾಯಿಸಿಕೊಂಡು ಬೀದಿ ಬೀದಿಯಲ್ಲಿ ಸಾರಿದ: "ನಾಳೀಕೆ ಇಸ್ಕೂಲ್ ತಾವ ಬಾವುಟ ಆರುಸ್ತಾರೆ, ಎಲ್ರೂ ಬರ್ಬೇಕ್ರಪ್ಪೋ!" ಬೆಳಿಗ್ಗೆ ಬಾವುಟ ಏರಿತು. ಸಾರಿದವನು ಬೇಲಿಯಾಚೆ ನಿಂತಿದ್ದ. ಕೊನೆಗೆ ಮೇಲಿಂದ ಟವಲಿಗೆ ಒಂದು ಹಿಡಿ ಬೂಂದಿ ಬಿಟ್ಟರು. ಸಂಜೆ ಶಾಲೆಯ ಬಯಲು ಗುಡಿಸಿದವನೂ ಅವನೇ. ಕೂಲಿ? ಹಬ್ಬಕ್ಕೆ ಕೂಲಿ ಕೇಳ್ತೀಯೇನ್ಲಾ ಅಂದರಂತೆ. ತಾತ ಇದನ್ನು ಹೇಳುವಾಗ ಸಿಟ್ಟಾಗುತ್ತಿರಲಿಲ್ಲ. "ಬಾವುಟ ಮೇಲ್ಕೋದಾಗ ನಂಗೂ ಮೈ ಜುಂ ಅಂತು ಕನ್ಲಾ ಮಗ" ಅನ್ನುತ್ತಿದ್ದ. ಈ ಮಾತು ಕೇಳಿದಾಗ ನನಗೆ ಕಾಲೇಜಿನ ವಯಸ್ಸು. ತಾತನಿಗೆ ಗುಲಾಮಗಿರಿ ಹೋಗಿಲ್ಲ ಅಂತ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಮೈ ಜುಂ ಅಂದದ್ದು ಅವನ ಪಾಲು. ಅದನ್ನು ಗೌಡರು ಕೊಟ್ಟದ್ದಲ್ಲ.

ಅದೇ ದಿನ, ಅದೇ 1972ರ ಆಗಸ್ಟ್ 15, ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಡುಗರು ಕರಾಳ ಸ್ವಾತಂತ್ರ್ಯ ದಿನ ಅಂತ ಬೀದಿಗಿಳಿದರು. ರಾಜಾ ಢಾಲೆ 'ಸಾಧನಾ' ಪತ್ರಿಕೆಯ ವಿಶೇಷಾಂಕದಲ್ಲಿ ಬರೆದ ಲೇಖನ ಇಡೀ ಮಹಾರಾಷ್ಟ್ರಕ್ಕೆ ಬೆಂಕಿ ಹಚ್ಚಿತು. ಬಾವುಟಕ್ಕೆ ಅವಮಾನ ಆದರೆ ಇಷ್ಟು ದಂಡ, ದಲಿತ ಹೆಣ್ಣಿನ ಮಾನಕ್ಕೆ ಅದಕ್ಕಿಂತ ಕಮ್ಮಿ ದಂಡ, ಇದೆಂಥ ದೇಶ ಅಂತ ಕೇಳಿದ್ದರು. ನಮ್ಮ ಪಕ್ಕದ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರು ಆ ಸ್ವಾತಂತ್ರ್ಯದ ವಿಳಾಸ ಕೇಳುವ ಹಾಡು ಬರೆದರು, ಕೇರಿ ಕೇರಿಯಲ್ಲಿ ಹಾಡಿಸಿದರು. ಇನ್ನೂ ಹಿಂದೆ, 1852ರ ಜುಲೈ 5ರಂದು, ಗುಲಾಮನಾಗಿ ಹುಟ್ಟಿ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ ಅಮೆರಿಕದ ರಾಚೆಸ್ಟರ್ ಊರಿನಲ್ಲಿ, ನಿಮ್ಮ ಜುಲೈ ನಾಲ್ಕು ಗುಲಾಮನಿಗೆ ಏನು ಅಂತ ಬಿಳಿಯರ ಮುಖದ ಮುಂದೆ ಕೇಳಿದ. ಇವರೆಲ್ಲ ನಮ್ಮ ಹಿರಿಯರು. ದುಬೈನಿಂದ ಬಂದ ಮೇಲೆ ಇವರನ್ನು ಮತ್ತೆ ಓದಿದೆ. ಉತ್ತರ ಸಿಗುತ್ತದೆ ಅಂತ ಓದಿದೆ.

ಪೂರ್ತಿ ಸಿಗಲಿಲ್ಲ. ಯಾಕೆಂದರೆ ಡಗ್ಲಾಸನಿಗೆ ಅದು ಅವನದೇ ದೇಶ. ಢಾಲೆಗೆ ಇದು ಅವರದೇ ದೇಶ. ನನ್ನ ದೇಶ ನನ್ನನ್ನು ಮೋಸ ಮಾಡಿದೆ ಅನ್ನುವವನಿಗೆ ಹಬ್ಬವನ್ನು ಧಿಕ್ಕರಿಸುವ ಹಕ್ಕಿದೆ, ಕಪ್ಪು ಬಾವುಟ ಹಿಡಿಯುವ ಹಕ್ಕಿದೆ, ಯಾಕೆಂದರೆ ಬೆಳ್ಳಿ ಬಾವುಟದಲ್ಲಿ ಅವನಿಗೆ ಪಾಲು ಬರಬೇಕು. ಸೋನಾಪುರದ ಕೂಲಿಗೆ ಅಂಥ ಪಾಲಿಲ್ಲ. ಆ ದೇಶ ಅವನಿಗೆ ಯಾವ ಮಾತೂ ಕೊಟ್ಟಿಲ್ಲ, ಆದ್ದರಿಂದ ಮಾತು ಮುರಿದಿದೆ ಅನ್ನೋ ಹಾಗೂ ಇಲ್ಲ. ಹಾಗಾದರೆ ಅವನ ಕೈಲಿ ಏನಿದೆ? ರಾಯಚೂರಿನ ಅಣ್ಣ ತೋರಿಸಿದ್ದು ಅದನ್ನೇ. ಧಿಕ್ಕಾರ ಕೂಗಲಿಲ್ಲ, ಬಾವುಟ ಕೀಳಲಿಲ್ಲ. ಮಲಗಿದ. ಅವನ ನಿದ್ದೆ ಅವನ ಸ್ವಂತ ಆಸ್ತಿ, ಅದರ ಮೇಲೆ ನಾನು ದಂಡ ಹಾಕಿದೆ.

ತಾತ ತಮಟೆ ಬಡಿದು ಕರೆದ, ನಾನು ಪಟ್ಟಿ ಬರೆದು ಕರೆದೆ. ವ್ಯತ್ಯಾಸ ಏನು ಅಂದರೆ, ತಾತ ಕರೆದವರಿಗೆ ಬಾರದೆ ಇರುವ ಸ್ವಾತಂತ್ರ್ಯ ಇತ್ತು. ಬಾರದ ಗೌಡನ ಹೆಸರಿನ ಮುಂದೆ ತಾತ ಕೆಂಪು ಗುರುತು ಹಾಕುವ ಹಾಗಿರಲಿಲ್ಲ. ಬಾರದೆ ಇರುವ ಸ್ವಾತಂತ್ರ್ಯ ಇಲ್ಲದವನು ಇಡೀ ಊರಿನಲ್ಲಿ ತಾತ ಒಬ್ಬನೇ. ನಮ್ಮ ಭಾಷೆಯಲ್ಲಿ ಇದಕ್ಕೆ ಹೆಸರಿದೆ: ಬಿಟ್ಟಿ. ಒಲ್ಲೆ ಅನ್ನಲಾಗದವನ ಕೈಲಿ ಮಾಡಿಸಿದ್ದು ಹಬ್ಬವಾದರೂ ಬಿಟ್ಟಿಯೇ. ದೇವರ ಉತ್ಸವದಲ್ಲಿ ಪಂಜು ಹಿಡಿದದ್ದು ಬಿಟ್ಟಿ, ಜಾತ್ರೆಯಲ್ಲಿ ತಮಟೆ ಬಡಿದದ್ದು ಬಿಟ್ಟಿ, ಸತ್ತವರ ಮನೆಯ ಸುದ್ದಿ ಊರೂರಿಗೆ ಒಯ್ದದ್ದು ಬಿಟ್ಟಿ. ಕನ್ನಡದಲ್ಲಿ ಬಿಟ್ಟಿ ಅಂದರೆ ಪುಕ್ಕಟೆ ಅಂತಲೂ ಅರ್ಥ. ನಮ್ಮ ಬೆವರಿನಿಂದ ಹುಟ್ಟಿದ ಮಾತು ಈಗ ನಮ್ಮನ್ನೇ ಬಿಟ್ಟಿ ಕೂಳಿನವರು ಅಂತ ಬಯ್ಯಲು ಬಳಕೆಯಾಗುತ್ತದೆ. ಇರಲಿ.

ಸಂವಿಧಾನದ 23ನೇ ವಿಧಿ ಈ ಬಿಟ್ಟಿಯನ್ನು ಹೆಸರು ಹಿಡಿದು ನಿಷೇಧ ಮಾಡಿದೆ. 1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತಲ್ಲ, ದೇಶಕ್ಕೆ ದೇಶವೇ ಹಬ್ಬ ಮಾಡಿತು, ಬಣ್ಣದ ಟೀವಿ ಬಂತು. ಆ ಕ್ರೀಡಾಂಗಣಗಳನ್ನು, ಮೇಲ್ಸೇತುವೆಗಳನ್ನು ಕಟ್ಟಿದ ಕೂಲಿಗಳಿಗೆ ಕನಿಷ್ಠ ಕೂಲಿ ಕೂಡ ಕೊಡುತ್ತಿಲ್ಲ ಅಂತ ಪ್ರಜಾಸತ್ತಾತ್ಮಕ ಹಕ್ಕುಗಳ ಸಂಘಟನೆಯೊಂದು ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಭಗವತಿಯವರು ಬರೆದ ತೀರ್ಪು ಒಂದು ದೊಡ್ಡ ಮಾತು ಹೇಳಿತು. ಬಲವಂತ ಅಂದರೆ ಬರೀ ದೊಣ್ಣೆಯ ಬಲವಂತ ಅಲ್ಲ. ಹಸಿವು, ಬಡತನ, ಬೇರೆ ದಾರಿಯೇ ಇಲ್ಲದಿರುವುದು, ಇವು ಕೂಡ ಬಲವಂತವೇ. ಅದರಿಂದ ಕನಿಷ್ಠ ಕೂಲಿಗಿಂತ ಕಮ್ಮಿಗೆ ದುಡಿಸಿದರೆ ಅದು 23ನೇ ವಿಧಿಗೆ ವಿರುದ್ಧ. ಈ ಅಳತೆ ಹಿಡಿದು ನೋಡಿ. ಸೋನಾಪುರದಲ್ಲಿ ಯಾರೂ ದೊಣ್ಣೆ ಹಿಡಿದಿರಲಿಲ್ಲ. ನನ್ನ ಕೈಲಿ ಇದ್ದದ್ದು ಪೆನ್ನು. ಆದರೆ ಒಂದು ದಿನದ ಕೂಲಿ ಹೋದರೆ ರಾಯಚೂರಿನಲ್ಲಿ ಒಂದು ಮನೆಯ ಸಾಲದ ಬಡ್ಡಿ ನಿಲ್ಲುತ್ತದೆ ಅನ್ನೋದು ನನಗೂ ಗೊತ್ತು, ಕ್ಯಾಂಪ್ ಬಾಸಿಗೂ ಗೊತ್ತು. ದೊಣ್ಣೆ ಯಾಕೆ ಬೇಕು?

ಇದರಲ್ಲಿ ಆ ದೇಶದ ಸಾಮಾನ್ಯ ಜನರನ್ನು ಬಯ್ಯಲು ನನಗೆ ಮನಸ್ಸು ಬರುವುದಿಲ್ಲ. ಎಣ್ಣೆ ಸಿಗುವ ಮುಂಚೆ ಅವರ ಅಜ್ಜಂದಿರು ಸಮುದ್ರಕ್ಕೆ ಮುಳುಗಿ ಮುತ್ತು ತೆಗೆಯುತ್ತಿದ್ದರು. ಮುಳುಗುವವನು ದೋಣಿಯ ಯಜಮಾನನಿಗೆ ಸಾಲಗಾರ, ಒಂದು ಸಾಲ ತೀರುವ ಮುಂಚೆ ಇನ್ನೊಂದು, ಅಪ್ಪನ ಸಾಲ ಮಗನ ತಲೆಗೆ. ನಮ್ಮ ಜೀತದ ಲೆಕ್ಕವೇ. ಜಪಾನಿನ ಸಾಕಿದ ಮುತ್ತು ಬಂದು 1930ರ ಸುಮಾರಿಗೆ ಆ ಕಸುಬು ಮುಳುಗಿತು, ಹಸಿವು ಬಂತು. 1966ರವರೆಗೆ ಅಲ್ಲಿ ಓಡುತ್ತಿದ್ದದ್ದು ನಮ್ಮ ರಿಸರ್ವ್ ಬ್ಯಾಂಕಿನ ರೂಪಾಯಿ. ಆ ಮುದುಕ ಹುಡುಗನಾಗಿದ್ದಾಗ ನಮ್ಮ ರೂಪಾಯಿ ಎಣಿಸಿರಬಹುದು. ಅವನು ಐವತ್ತು ವರ್ಷದ ಹಬ್ಬ ಮಾಡಿದರೆ ಅದರಲ್ಲಿ ಹಸಿವು ದಾಟಿ ಬಂದ ನೆನಪು ಇದೆ. ಅಂಥ ನೆನಪಿನ ಪಕ್ಕದಲ್ಲಿ ಕೂತು ಕಾಫಿ ಕುಡಿಯೋದು ತಪ್ಪಲ್ಲ. ಹಸಿದವನ ಹಬ್ಬಕ್ಕೆ ಹಸಿದವನು ಹೋಗಬೇಕು. ಅವರ ಕಾಫಿಯ ಪದ್ಧತಿಯಲ್ಲಿ ಇನ್ನೊಂದು ಸಂಗತಿ ಇದೆ, ನನಗೆ ಆ ದಿನ ಗೊತ್ತಿರಲಿಲ್ಲ. ಬಟ್ಟಲು ಖಾಲಿಯಾದಂತೆ ಮತ್ತೆ ಮತ್ತೆ ಬಗ್ಗಿಸುತ್ತಲೇ ಇದ್ದರು. ಬೇಡ ಅನ್ನಲು ಹೆದರಿ ಐದಾರು ಬಟ್ಟಲು ಕಷಾಯ ಕುಡಿದೆ. ಮುದುಕ ನಗುತ್ತಾ ತನ್ನ ಬಟ್ಟಲು ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ತೋರಿಸಿದ. ಸಾಕು ಅನ್ನಲು ಹೀಗೆ ಅಲ್ಲಾಡಿಸಬೇಕು, ಆಮೇಲೆ ಯಾರೂ ಬಲವಂತ ಮಾಡುವುದಿಲ್ಲ. ಸಾಕು ಅನ್ನುವ ಸನ್ನೆ ಮೊದಲು ಕಲಿಸಿ ಆಮೇಲೆ ಬಡಿಸುವ ಮನೆ ನಿಜವಾದ ಮನೆ. ಆ ಜನರ ಪದ್ಧತಿಯಲ್ಲೇ ಇದ್ದ ಈ ಮರ್ಯಾದೆಯನ್ನು ನಮ್ಮ ಕಂಪನಿ ನಮಗೆ ಕೊಡಲಿಲ್ಲ. ಕಂಪನಿಯಲ್ಲಿ ನನ್ನ ಮೇಲಿದ್ದವರು ಬಹಳ ಮಂದಿ ನಮ್ಮ ದೇಶದವರೇ ಅನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು.

ನಮ್ಮವರ ಮಾತು ಬಂದಾಗ ಇನ್ನೊಂದು ನೆನಪು. ಅದೇ ವಾರ ಕನ್ನಡದವರದ್ದೇ ಒಂದು ಸಣ್ಣ ಸೇರುವೆ. ಅವರ ರಾಷ್ಟ್ರೀಯ ದಿನ, ನಮ್ಮ ರಾಜ್ಯೋತ್ಸವ, ಎರಡನ್ನೂ ಒಟ್ಟಿಗೆ ಸೇರಿಸಿ ಮಾಡಿದ್ದು. ಎರಡು ಬಾವುಟ, ಒಂದು ಕೇಕು. ಕವಿತೆ ಓದುತ್ತೇನೆ ಅಂತ ನನ್ನನ್ನು ಕರೆದಿದ್ದರು. ಓದಿದೆ, ಚಪ್ಪಾಳೆ ಬಂತು. ಊಟಕ್ಕೆ ಕೂತಾಗ ಪಕ್ಕದ ಹಿರಿಯರು ಕೇಳಿದರು: "ಯಾವೂರು ತಮ್ದು?" ಹೇಳಿದೆ. "ಓ, ನಮ್ ಕನಕಪುರದ ಕಡೆಯೋರು! ಊರಲ್ಲಿ ಯಾವ್ ಕಡೆ ಮನೆ?" ಈ ಎರಡನೇ ಪ್ರಶ್ನೆಯ ಅರ್ಥ ನಮಗೆ ಮಾತ್ರ ಗೊತ್ತು. ಹೇಳಿದೆ. ಅವರು ಏನೂ ಅನ್ನಲಿಲ್ಲ, ಒಳ್ಳೆಯ ಮನುಷ್ಯರೇ. ಮಾತು ಮಾತ್ರ ಅಲ್ಲಿಗೆ ನಿಂತಿತು. ಮೂರು ಸಾವಿರ ಕಿಲೋಮೀಟರು ದೂರಕ್ಕೆ ಕನ್ನಡದ ಜೊತೆ ಕೇರಿಯ ದಿಕ್ಕೂ ವಿಮಾನ ಹತ್ತಿ ಬಂದಿತ್ತು. ಪರರ ಹಬ್ಬದಲ್ಲಿ ಸಿಕ್ಕ ಬಟ್ಟಲು ನಮ್ಮವರ ಹಬ್ಬದಲ್ಲಿ ಸಿಗಲಿಲ್ಲ. ಆದರೆ ಜಗಳ ಕಾಯಬೇಕಾದ್ದು ಯಾರ ಜೊತೆ? ಮುದುಕನ ಜೊತೆ ನನಗೆ ಜಗಳ ಇಲ್ಲ, ಪಾಲೂ ಇಲ್ಲ. ಈ ಹಿರಿಯರ ಜೊತೆ ನನಗೆ ಜಗಳ ಇದೆ, ಯಾಕೆಂದರೆ ಕನ್ನಡದಲ್ಲಿ ನನಗೆ ಪಾಲಿದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ ಮಾತು ಇದೇ. ಓಟಿನಲ್ಲಿ ಸಮಾನರಾಗುತ್ತೇವೆ, ಬದುಕಿನಲ್ಲಿ ಆಗಿರುವುದಿಲ್ಲ, ಈ ವಿರೋಧಾಭಾಸ ಎಷ್ಟು ದಿನ ಅಂತ ಕೇಳಿದ್ದರು. ಗಣರಾಜ್ಯ ಹುಟ್ಟುವ ಎರಡು ತಿಂಗಳು ಮುಂಚೆಯೇ.

ನಾಲ್ಕು ದಿನ ಕಳೆದು ಡಿಸೆಂಬರ್ 6 ಬಂತು. ಬಾಬಾಸಾಹೇಬರು 1956ರಲ್ಲಿ ನಮ್ಮನ್ನು ಬಿಟ್ಟು ಹೋದ ದಿನ. ಕ್ಯಾಂಪಿನ ರೂಮಿನಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಮೇಣದ ಬತ್ತಿಯೂ ಇಲ್ಲ. ಒಂದು ಮೊಬೈಲಿನಲ್ಲಿ ಫೋಟೋ ತೆರೆದು ಬಂಕು ಮಂಚದ ಮೇಲೆ ಒರಗಿಸಿ, ಇನ್ನೊಂದು ಮೊಬೈಲಿನ ಟಾರ್ಚ್ ಹಚ್ಚಿ ಮುಂದಿಟ್ಟೆವು. ಕರೀಂನಗರದ ಇಬ್ಬರು, ನಾಗಪುರದ ಒಬ್ಬ, ನಾನು. ಯಾರನ್ನೂ ಕರೆದಿರಲಿಲ್ಲ. ರಾಯಚೂರಿನ ಅಣ್ಣ ಡ್ಯೂಟಿ ಮುಗಿಸಿ ಸಿಮೆಂಟಿನ ಕಾಲಲ್ಲೇ ಬಂದು ಬಾಗಿಲಲ್ಲಿ ನಿಂತ. ಕೈ ತೊಳೆದು ಬಂದು ಮುಗಿದ. ಹತ್ತು ನಿಮಿಷ ಕೂತ, ಎದ್ದು ಹೋದ. ನಾನು ಅವನ ಮುಖ ನೋಡಲಿಲ್ಲ. ಸಂಬಳದ ದಿನ ಇನ್ನೂ ಬಂದಿರಲಿಲ್ಲ, ಅವನಿಗೆ ಕಡಿತದ ವಿಷಯ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆ ಹತ್ತು ನಿಮಿಷದಲ್ಲಿ ಹೇಳಬಹುದಿತ್ತು. ಹೇಳಲಿಲ್ಲ.

ಮುಂದಿನ ವರ್ಷ ಮತ್ತೆ ಪಟ್ಟಿ ಬರೆ ಅಂದರು. ಬರೆಯುವುದಿಲ್ಲ ಅಂದಿದ್ದರೆ ಇಲ್ಲಿ ಎದೆ ತಟ್ಟಿಕೊಂಡು ಬರೆಯಬಹುದಿತ್ತು. ನಾನು ಬರೆದೆ. ಆದರೆ ಮೊದಲು ರೂಮು ರೂಮಿಗೆ ಹೋಗಿ ಕೇಳಿದೆ, ಬರೋರು ಯಾರು, ಮಲಗೋರು ಯಾರು. 26 ಜನ ಬರುತ್ತೇವೆ ಅಂದರು. ಕೆಲವರಿಗೆ ಬಿರಿಯಾನಿ, ಕೆಲವರಿಗೆ ಊರು ನೋಡುವ ಆಸೆ, ಒಬ್ಬ ನೇಪಾಳಿ ಹುಡುಗನಿಗೆ ಮಗಳಿಗೆ ಕಳಿಸಲು ಫೋಟೋ. 26 ಹೆಸರು ಕೊಟ್ಟೆ. 40 ಎಲ್ಲಿ ಅಂದರು. ಬರೋರು ಇಷ್ಟೇ ಅಂದೆ. ಬಯ್ಸಿಕೊಂಡೆ. ಉಳಿದ 14 ಹೆಸರನ್ನು ಬೇರೆ ಯಾರೋ ಬರೆದರು. ನನ್ನನ್ನು ಆ ಕೆಲಸದಿಂದ ತೆಗೆದು ಸ್ಟೋರಿಗೆ ಹಾಕಿದರು. 2023ರಲ್ಲಿ ವಾಪಸು ಬಂದೆ.

ಮೊನ್ನೆ ಈ ಲೇಖನ ಬರೆಯಲು ಕೂತಾಗ ಮೊದಲು ಅವನಿಗೆ ಹೇಳಬೇಕು ಅನ್ನಿಸಿತು. ಅವನೂ ಊರಿಗೆ ಬಂದಿದ್ದಾನೆ, ನಂಬರು ಹುಡುಕಿ ಫೋನ್ ಮಾಡಿದೆ. ಮಳೆ, ಬೆಳೆ, ಮಕ್ಕಳು ಅಂತ ಸುತ್ತಿ ಬಳಸಿ ಕೊನೆಗೆ ಹೇಳಿದೆ, ಆ ಗುರುತು ಹಾಕಿದ್ದು ನಾನು ಅಂತ.

"ಗೊತ್ತಿತ್ತಲೋ ತಮ್ಮ" ಅಂದ. "ಪೆನ್ನು ಮತ್ಯಾರ ಕೈಯಾಗಿತ್ತು?"

ಆ ದುಡ್ಡು ಕಳಿಸುತ್ತೇನೆ ಅಂದೆ. ಬೇಡ ಅನ್ನಬಹುದು ಅಂದುಕೊಂಡಿದ್ದೆ. ಅವನು ಸ್ವಲ್ಪ ಹೊತ್ತು ಲೆಕ್ಕ ಹಾಕಿದ.

"ಕಳಸು. ಮೂವತ್ಮೂರು ದಿರ್ಹಾಮ್. ಆಗ ಒಂದಕ್ಕ ಇಪ್ಪತ್ತು ರೂಪಾಯಿ ಇತ್ತು. ಈಗಿನ ರೇಟಿನಾಗ ಕಳಸು."